ವಿಲ್ಲಿ ಜಾನ್ಸನ್‌ನ ಗೋಳು ಸಾಕು, ಗಿಟಾರ್ ಕೇಳೋಣ

ಬ್ಲೈಂಡ್ ವಿಲ್ಲಿ ಜಾನ್ಸನ್ ಅಂತ ಅಮೇರಿಕಾದ ಹಳೆಯ ಕಾಲದ ಒಬ್ಬ ಗಿಟಾರ್ ಗಾಯಕ, ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಹಾಡಿಗಿಂತ ಮೊದಲು ಗೋಳಿನ ಕಥೆ ಸಿಗುತ್ತದೆ. ಏಳು ವರ್ಷದವನಿದ್ದಾಗ ಮಲತಾಯಿ ಕಣ್ಣಿಗೆ ಸುಡುವ ನೀರು ಎರಚಿದಳು, ಬೀದಿಯಲ್ಲಿ ಹಾಡಿ ಬದುಕಿದ, ಸುಟ್ಟ ಮನೆಯಲ್ಲಿ ಒದ್ದೆ ಪೇಪರ್ ಹಾಸಿಕೊಂಡು ಮಲಗಿ ಸತ್ತ, ಈಗ ಅವನ ಹಾಡು ಬಾಹ್ಯಾಕಾಶದಲ್ಲಿದೆ. ಮುಗೀತು. ಕಣ್ಣಲ್ಲಿ ನೀರು ತಂದುಕೊಂಡು, ಲೈಕ್ ಒತ್ತಿ, ಮುಂದಿನ ವಿಡಿಯೋಗೆ ಹೋಗಬಹುದು.

ನನಗೆ ಈ ಕಥೆ ಕೇಳಿ ಕೇಳಿ ಸಾಕಾಗಿದೆ. ಎಲ್ಲಾ ಸುಳ್ಳು ಅಂತಲ್ಲ. ಆದರೆ ಈ ಮನುಷ್ಯ ಗಿಟಾರ್ ಹೇಗೆ ನುಡಿಸುತ್ತಿದ್ದ, ಅದರಲ್ಲಿ ಏನಿದೆ ಅಂತ ಹೇಳುವವರು ಕಡಿಮೆ. ಹೇಳಿದರೂ ಕೊನೆಗೆ ಒಂದು ಸಾಲು. ಅದಕ್ಕೇ ಬರೆಯಲು ಕೂತೆ. ನಾನು ಇರುವುದು ಬೆಳಗಾವಿಯಲ್ಲಿ, ಊರು ಬಾದಾಮಿ ತಾಲೂಕಿನ ಕಡೆ, ಬೆಳೆದದ್ದು ಭಜನಾ ಪದ ಕೇಳಿಕೊಂಡು. ಗಿಟಾರ್ ಅಷ್ಟಕ್ಕಷ್ಟೇ ಬರುತ್ತದೆ. ಹಾಗಾಗಿ ಇದನ್ನೆಲ್ಲ ಪಂಡಿತರ ಮಾತು ಅಂದುಕೊಳ್ಳಬೇಡಿ, ಕೇಳುಗನ ಮಾತು ಅಂದುಕೊಳ್ಳಿ.

1927ರ ಡಿಸೆಂಬರ್ 3, ಶನಿವಾರ. ಟೆಕ್ಸಾಸ್ ರಾಜ್ಯದ ಡಲ್ಲಾಸ್ ಊರು. ಕೊಲಂಬಿಯಾ ರೆಕಾರ್ಡ್ ಕಂಪನಿಯ ಫ್ರಾಂಕ್ ವಾಕರ್ ತನ್ನ ತಂಡ, ಮೈಕು, ಮೇಣದ ತಟ್ಟೆಗಳ ಸಮೇತ ಅಲ್ಲಿ ಬಂದು ಕೂತಿದ್ದ. ಆಗಿನ ಕಂಪನಿಗಳು ಕಪ್ಪು ಜನರಿಗಾಗಿಯೇ ಬೇರೆ ಸರಣಿಯಲ್ಲಿ ರೆಕಾರ್ಡ್ ಮಾರುತ್ತಿದ್ದವು, ಅದಕ್ಕೆ ‘ರೇಸ್ ರೆಕಾರ್ಡ್ಸ್’ ಅಂತಲೇ ಹೆಸರು. ಅವತ್ತು ವಿಲ್ಲಿ ಜಾನ್ಸನ್ ಎಂಬ 30 ವರ್ಷದ ಕುರುಡ ಗಾಯಕ ಬಂದು ಆರು ಹಾಡು ಹಾಡಿ ಹೋದ. ಒಂದು ಬದಿಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಜಾಗ. ತಪ್ಪಿದರೆ ಅಳಿಸಿ ತಿದ್ದುವ ಹಾಗಿಲ್ಲ, ಹೊಸ ಮೇಣ, ಮತ್ತೆ ಮೊದಲಿನಿಂದ. ಆ ಆರರಲ್ಲಿ ‘ಇಟ್ಸ್ ನೋಬಡೀಸ್ ಫಾಲ್ಟ್ ಬಟ್ ಮೈನ್’ ಇದೆ, ತಾಯಿಯಿಲ್ಲದ ಮಕ್ಕಳ ಪಾಡಿನ ಹಾಡಿದೆ, ಬೈಬಲಿನ ಸ್ಯಾಮ್ಸನ್ ಕಟ್ಟಡ ಕೆಡವುವ ಹಾಡಿದೆ, ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಇದೆ. ನೂರು ವರ್ಷ ಆಗುತ್ತಾ ಬಂತು, ಇವತ್ತಿಗೂ ಗಿಟಾರ್ ಕಲಿಯುವವರು ಈ ಹಾಡುಗಳ ಮುಂದೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದೇ ದಿನದಲ್ಲಿ ಇಷ್ಟು ಕೊಟ್ಟವನು ಪಾಪದ ಪ್ರಾಣಿಯಲ್ಲ. ತಯಾರಾಗಿ ಬಂದವನು, ತನ್ನ ಕಸುಬು ಗೊತ್ತಿದ್ದವನು.

‘ಡಾರ್ಕ್ ವಾಸ್ ದ ನೈಟ್’ನಲ್ಲಿ ಮಾತೇ ಇಲ್ಲ. ಹೆಸರು ಬಂದಿರುವುದು 18ನೇ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಹಾವೀಸ್ ಬರೆದ ಒಂದು ಸ್ತೋತ್ರದಿಂದ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಯೇಸು ಗೆತ್ಸೆಮನೆ ತೋಟದಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದ ಪ್ರಸಂಗ ಅದು. ಕಪ್ಪು ಜನರ ಚರ್ಚುಗಳಲ್ಲಿ ಇಂಥ ಸ್ತೋತ್ರಗಳನ್ನು ಹಾಡುವ ಒಂದು ರೂಢಿ ಇತ್ತು: ಮುಂದಿನವರು ಒಂದು ಸಾಲು ಎತ್ತಿಕೊಡುವುದು, ಉಳಿದವರೆಲ್ಲ ಅದನ್ನು ತುಂಬಾ ನಿಧಾನಕ್ಕೆ ಎಳೆದು ಎಳೆದು ಹಾಡುವುದು. ಎಳೆದು ಹಾಡುತ್ತಾ ಮಾತು ಕರಗಿ ಹೋಗಿ ಬರೀ ದನಿ ಉಳಿಯುತ್ತದೆ. ಜಾನ್ಸನ್ ಆ ಉಳಿದ ದನಿಯನ್ನಷ್ಟೇ ಇಟ್ಟುಕೊಂಡ. ಮೊದಲು ಗಿಟಾರ್ ಒಂದೇ ಬರುತ್ತದೆ. ಮೇಲಿನ ಸ್ವರದಿಂದ ಜಾರಿ ಕೆಳಗೆ ಬಂದು, ನಿಲ್ಲಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತು, ಆಮೇಲೆ ಮೆಲ್ಲಗೆ ಮೇಲೇರಿ ಸ್ವರಕ್ಕೆ ಸೇರುತ್ತದೆ. ಆಮೇಲೆ ಅವನ ಗಂಟಲು, ಬಾಯಿ ಮುಚ್ಚಿದ ಗುಂಯ್‌ಗುಡುವಿಕೆ, ಮಧ್ಯೆ ಮಧ್ಯೆ ಬಾಯಿ ತೆರೆದು ‘ಆ’. ಗಂಟಲು ಬಿಟ್ಟಲ್ಲಿ ತಂತಿ ಎತ್ತಿಕೊಳ್ಳುತ್ತದೆ, ತಂತಿ ಬಿಟ್ಟಲ್ಲಿ ಗಂಟಲು. ಕೆಲವು ಕಡೆ ಎರಡೂ ಒಂದೇ ಸ್ವರದ ಮೇಲೆ ಬಂದು ಕೂತಾಗ ಯಾವುದು ಯಾವುದು ಅಂತ ತಿಳಿಯಲು ಹೆಡ್‌ಫೋನ್ ಬೇಕು.

ಇದು ಹೇಗೆ ಸಾಧ್ಯ ಅಂದರೆ, ಸ್ಲೈಡ್. ಗಿಟಾರಿನ ಮೆಟ್ಟಿಲುಗಳ ಮೇಲೆ ಬೆರಳು ಒತ್ತುವ ಬದಲು ಗಾಜಿನ ಕೊಳವೆ, ಲೋಹದ ಉಂಗುರ, ಚಾಕು ಹೀಗೆ ನುಣುಪಾದ ಗಟ್ಟಿ ವಸ್ತುವನ್ನು ತಂತಿಯ ಮೇಲೆ ಆನಿಸಿ ಜಾರಿಸುವುದು. ಜಾನ್ಸನ್ ಜೇಬಿನ ಚಾಕು ಬಳಸುತ್ತಿದ್ದ ಅನ್ನುವವರಿದ್ದಾರೆ, ಅಲ್ಲ ಹಿತ್ತಾಳೆ ಉಂಗುರ ಅಂತ ವಾದ ಮಾಡುವವರೂ ಇದ್ದಾರೆ. ಅದೇನೇ ಇರಲಿ, ಹೀಗೆ ಜಾರಿಸಿದಾಗ ಮೆಟ್ಟಿಲುಗಳ ಹಂಗು ಇರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೆಲ್ಲ ಕೇಳಿಸುತ್ತದೆ. ಹಿಂದೂಸ್ತಾನಿ ಕೇಳುವವರಿಗೆ ಬಿಡಿಸಿ ಹೇಳಬೇಕಿಲ್ಲ, ಮೀಂಡ್ ಅದು. ಕಷ್ಟ ಏನಪ್ಪಾ ಅಂದರೆ, ಮೆಟ್ಟಿಲಿನ ಆಸರೆ ಇಲ್ಲದ ಮೇಲೆ ಸ್ವರ ಎಲ್ಲಿದೆ ಅಂತ ಕಿವಿಯೇ ಹೇಳಬೇಕು. ಒಂದು ನೂಲು ಆಚೀಚೆ ಆದರೂ ಅಪಸ್ವರ. ಜಾನ್ಸನ್ ತಂತಿಗಳನ್ನು ‘ಓಪನ್ ಡಿ’ಗೆ ಶ್ರುತಿ ಮಾಡುತ್ತಿದ್ದ. ಅಂದರೆ ಬೆರಳು ಇಡದೆ ಸುಮ್ನೆ ಮೀಟಿದರೂ ಆರೂ ತಂತಿ ಸೇರಿ ಒಂದೇ ಕಾರ್ಡ್, ಅಂದರೆ ಒಂದಕ್ಕೊಂದು ಹೊಂದುವ ಸ್ವರಗಳ ಗುಂಪು, ನುಡಿಯುತ್ತವೆ. ಬೇರೆ ಎಷ್ಟೋ ಹಾಡುಗಳಲ್ಲಿ ಅವನ ಹೆಬ್ಬೆರಳು ಕೆಳಗಿನ ತಂತಿಗಳ ಮೇಲೆ ಬಿಡದೆ ಲಯ ಹಿಡಿದಿರುತ್ತದೆ, ಮೇಲಿನ ತಂತಿಯ ಮೇಲೆ ಸ್ಲೈಡು ತನ್ನ ಪಾಡಿಗೆ ಹಾಡಿಕೊಂಡಿರುತ್ತದೆ. ಆಧಾರ ಶ್ರುತಿ, ತಾಳ, ಹಾಡು ಮೂರೂ ಒಬ್ಬನದೇ.

ಒಮ್ಮೆ ಊರಿಗೆ ಹೋದಾಗ ಈ ಹಾಡನ್ನು ನಮ್ಮ ಕಾಕಾಗೆ ಕೇಳಿಸಿದೆ. ಕಾಕಾ ಊರಿನ ಭಜನಾ ಮೇಳದ ಪೇಟಿ (ಹಾರ್ಮೋನಿಯಂ) ಮಾಸ್ತರ. ಅಮಾಸಿ ಭಜನೆ ಅಂದರೆ ರಾತ್ರಿಯಿಡೀ ಗುಡಿಯಲ್ಲಿ ಕೂತು ಪೇಟಿ ಒತ್ತುವವನು. ಇಂಗ್ಲಿಷ್ ಹಾಡು ಅಂದರೆ ಆಗದು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಮೊಬೈಲ್ ಕಿವಿಯ ಹತ್ತಿರ ಹಿಡಿದೆ.

‘ಯಾರೋ ಇಂವಾ? ಪದಾನ ಹೇಳವಲ್ಲ, ಬರೇ ಗುಣಗುಣ ಅನ್ನಾಕತ್ತಾನ.’

‘ಅಮೇರಿಕಾದಾಂವ ಕಾಕಾ. ಕಣ್ಣ ಇರಲಿಲ್ಲ ಅಂವಗ. ಭಾಳ ಕಷ್ಟಪಟ್ಟು ಸತ್ತ.’

‘ಸತ್ತದ್ದು ಆಮ್ಯಾಲ ಹೇಳಂತಿ. ಇನ್ನೊಮ್ಮೆ ಹಚ್ಚು.’

ಎರಡನೇ ಸಲ ಹಚ್ಚಿದಾಗ ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟ. ಬಲಗೈ ಬೆರಳು ತೊಡೆಯ ಮೇಲೆ ಆಡುತ್ತಿತ್ತು, ಪೇಟಿಯ ಮನೆ ಹುಡುಕುವ ಹಾಗೆ. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

‘ಇದು ಪೇಟಿಗೆ ಬರೂದಿಲ್ಲೋ ತಮ್ಮಾ. ಎರಡು ಮನಿ ನಡಬರಕ ಹಾಡಾಕತ್ತಾನ. ಮತ್ತ ನೀ ಅಳತಾನ ಅಂದಿ, ಅಳಾಕತ್ತಿಲ್ಲ ಇಂವಾ. ಸುರಾ ಹುಡಕಾಕತ್ತಾನ. ಸಿಕ್ಕ ಮ್ಯಾಲ ನೋಡಲ್ಲೆ, ಬಿಡವಲ್ಲ.’

ಅಳುತ್ತಾನೆ ಅಂತ ನಾನು ಹೇಳಿರಲಿಲ್ಲ. ಆದರೆ ನನ್ನ ಮುಖ ನೋಡಿ ಕಾಕಾ ಹಾಗೇ ತಿಳಿದುಕೊಂಡಿರಬೇಕು. ಈ ಗಿಟಾರಿನ ಬಗ್ಗೆ ನಾನು ಓದಿದ ಇಂಗ್ಲಿಷ್ ಬರಹಗಳಲ್ಲಿ ಯಾವುದೂ ಇಷ್ಟು ನೇರವಾಗಿ ವಿಷಯಕ್ಕೆ ಬಂದಿಲ್ಲ.

ಇನ್ನು ಬದುಕಿನ ವಿಷಯ. ಹುಟ್ಟಿದ್ದು 1897ರ ಜನವರಿಯಲ್ಲಿ, ಟೆಕ್ಸಾಸಿನ ಪೆಂಡಲ್ಟನ್ ಎಂಬ ಸಣ್ಣ ಊರಲ್ಲಿ. ಬೆಳೆದದ್ದು ಮಾರ್ಲಿನ್‌ನಲ್ಲಿ. ಸುತ್ತ ಹತ್ತಿ ಬೆಳೆಯುವ ನಾಡು. ಐದು ವರ್ಷಕ್ಕೆ ಅಪ್ಪ ಸಿಗಾರ್ ಡಬ್ಬಿಗೆ ತಂತಿ ಕಟ್ಟಿ ಗಿಟಾರ್ ಮಾಡಿಕೊಟ್ಟ, ಆಗಲೇ ಪಾದ್ರಿ ಆಗುತ್ತೇನೆ ಅಂತ ಹುಡುಗ ಹೇಳುತ್ತಿದ್ದ ಅನ್ನುತ್ತಾರೆ. ತಾಯಿ ಬೇಗ ತೀರಿಕೊಂಡಳು, ಅಪ್ಪ ಮತ್ತೆ ಮದುವೆಯಾದ. ಸೋಪು ಮಾಡಲು ಬಳಸುವ ಸುಡುವ ಕ್ಷಾರದ ನೀರನ್ನು ಮಲತಾಯಿ ಎರಚಿದ ಕಥೆ ಬಂದಿದ್ದು ಆಂಜಲೀನ್ ಎಂಬುವಳಿಂದ. ಅವಳು ಅವನ ಕೊನೆಯ ವರ್ಷಗಳ ಹೆಂಡತಿ. 1950ರ ದಶಕದಲ್ಲಿ ಸ್ಯಾಮ್ಯುಯೆಲ್ ಚಾರ್ಟರ್ಸ್ ಎಂಬ ಸಂಶೋಧಕ ಬೋಮಾಂಟ್ ಊರಿಗೆ ಹುಡುಕಿಕೊಂಡು ಹೋಗಿ ಅವಳ ಮಾತು ದಾಖಲಿಸಿಕೊಂಡ. ಘಟನೆ ನಡೆದಾಗ ಅವಳಂತೂ ಅಲ್ಲಿರಲಿಲ್ಲ. ಗಂಡನ ಬಾಯಿಂದ ಕೇಳಿರಬೇಕು. ಇಷ್ಟು ತೆಳುವಾದ ಎಳೆಯ ಮೇಲೆ ಜಗತ್ತೆಲ್ಲ ಇಷ್ಟು ದೊಡ್ಡ ಕಣ್ಣೀರು ಕಟ್ಟಿದೆ.

ಅವನದು ಅಂತ ಗೊತ್ತಿರುವ ಫೋಟೋ ಒಂದೇ ಒಂದು. ಅದರಲ್ಲಿ ಗಿಟಾರಿನ ತುದಿಗೆ ಒಂದು ತಗಡಿನ ಲೋಟ ಕಟ್ಟಿದೆ. ದುಡ್ಡು ಹಾಕುವುದಕ್ಕೆ. ಕೈ ಚಾಚಬೇಕಿಲ್ಲ, ನುಡಿಸುವುದು ನಿಲ್ಲಿಸಬೇಕಿಲ್ಲ. ಹತ್ತಿ ಮಾರಿ ಜನರ ಕೈಯಲ್ಲಿ ಕಾಸಾಡುವ ದಿನಗಳಲ್ಲಿ ಮಾರ್ಲಿನ್, ಹರ್ನ್ ಈ ಥರದ ಊರುಗಳ ರಸ್ತೆಯ ಮೂಲೆ ಹಿಡಿದು ಹಾಡುತ್ತಿದ್ದ. ಮೈಕಿಲ್ಲದೆ ಸಂತೆಯ ಗದ್ದಲದಲ್ಲಿ ಹಾಡುವವನಿಗೆ ಎಂಥ ದನಿ ಬೇಕು ಯೋಚನೆ ಮಾಡಿ. ಅವನಿಗೆ ಎರಡು ದನಿ ಇದ್ದವು. ಒಂದು ಅವನ ಸಹಜ ದನಿ, ಹಗುರ, ಸಿಹಿ. ಇನ್ನೊಂದು ಎದೆಯ ಬುಡದಿಂದ ಎಳೆದು ಗಂಟಲಲ್ಲಿ ಉಜ್ಜಿ ತೆಗೆದ ಗೊಗ್ಗರು ದನಿ. ಮೊದಲ ಸಲ ಕೇಳಿದವರು ಅವನ ದನಿಯೇ ಹಾಗೆ ಅಂದುಕೊಳ್ಳುತ್ತಾರೆ. ‘ಲೆಟ್ ಯುವರ್ ಲೈಟ್ ಶೈನ್ ಆನ್ ಮಿ’ ಕೇಳಿ, ಸಹಜ ದನಿಯಲ್ಲಿ ಶುರು ಮಾಡಿ ಹಾಡಿನ ಮಧ್ಯದಲ್ಲೇ ಗೊಗ್ಗರಿಗೆ ಬದಲಾಯಿಸುತ್ತಾನೆ. ಬೇಕಂತಲೇ ಹಾಕಿಕೊಂಡ ವೇಷ ಅದು.

‘ನೋಬಡೀಸ್ ಫಾಲ್ಟ್’ನಲ್ಲಿ ಇನ್ನೊಂದು ಚಮತ್ಕಾರ ಇದೆ. ಸಾಲು ಶುರು ಮಾಡುತ್ತಾನೆ, ಕೊನೆಯ ಪದಗಳನ್ನು ಹಾಡುವುದೇ ಇಲ್ಲ, ಸ್ಲೈಡಿಗೆ ಬಿಟ್ಟುಬಿಡುತ್ತಾನೆ. ಗಿಟಾರು ಆ ಪದಗಳನ್ನು ಅಂದ ಹಾಗೇ ಕೇಳಿಸುತ್ತದೆ. ಬೈಬಲ್ ಓದದೆ ಆತ್ಮ ಹಾಳಾದರೆ ತಪ್ಪು ನನ್ನದೇ, ಇನ್ಯಾರದ್ದೂ ಅಲ್ಲ ಅನ್ನುವ ಹಾಡು. ಕುರುಡನೊಬ್ಬ ಓದುವ ಮಾತಾಡುತ್ತಾನೆ ನೋಡಿ.

ಅವನನ್ನು ಬ್ಲೂಸ್ ಗಿಟಾರಿಸ್ಟ್ ಅನ್ನುತ್ತೇವೆ, ಅವನೇ ಇದ್ದಿದ್ದರೆ ಒಪ್ಪುತ್ತಿರಲಿಲ್ಲವೇನೋ. ಬ್ಲೂಸ್ ಅಂದರೆ ಅಮೇರಿಕಾದ ಕಪ್ಪು ಜನರ ಹಾಡುಗಾರಿಕೆ, ವಿಷಯ ಹೆಂಡ, ಹೆಣ್ಣು, ಊರು ಬಿಡುವುದು. ಚರ್ಚಿನವರಿಗೆ ಅದು ಸೈತಾನನ ಸಂಗೀತ. ಜಾನ್ಸನ್ ರೆಕಾರ್ಡ್ ಮಾಡಿದ 30 ಬದಿಗಳೂ ದೇವರ ಹಾಡುಗಳೇ. ಆದರೆ ಕೈ ಮಾತ್ರ ಪಕ್ಕಾ ಬ್ಲೂಸಿನ ಕೈ. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ತತ್ವಪದ ಹಾಡುವ ಮೇಳಗಳು ಲಾವಣಿ ಧಾಟಿಯಲ್ಲಿ, ನಾಟಕದ ಮಟ್ಟಿನಲ್ಲಿ, ಈಗೀಗ ಸಿನಿಮಾ ಮಟ್ಟಿನಲ್ಲೂ ದೇವರನ್ನು ಹಾಡುತ್ತವೆ. ಧಾಟಿ ಎಲ್ಲಿಯದು ಅಂತ ಗುಡಿಯಲ್ಲಿ ಯಾರೂ ಕೇಳುವುದಿಲ್ಲ.

ದೇವರ ಹಾಡು ಅಂದರೆ ಬರೀ ಸ್ವರ್ಗ ನರಕ ಅಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ್ದರ ಮೇಲೆ ಒಂದು ಹಾಡಿದೆ, ಮೊದಲ ಮಹಾಯುದ್ಧದ ಕಾಲದ ಕಷ್ಟಗಳ ಮೇಲೆ ಒಂದಿದೆ. 1918ರ ಇನ್‌ಫ್ಲುಯೆಂಜಾದ ಮೇಲೆ ಇನ್ನೊಂದು. ಸಾಹುಕಾರನನ್ನೂ ಕೊಂದಿತು, ಬಡವನನ್ನೂ ಕೊಂದಿತು, ವೈದ್ಯರಿಗೆ ಏನೂ ತೋಚಲಿಲ್ಲ ಅನ್ನುವ ಧಾಟಿಯಲ್ಲಿ ಸಾಗುತ್ತದೆ. ಕೋವಿಡ್ ಲಾಕ್‌ಡೌನಿನಲ್ಲಿ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದೆ. ಸುದ್ದಿಯನ್ನು ಹಾಡಾಗಿ ಕಟ್ಟುವ ರೂಢಿ ನಮ್ಮಲ್ಲಿ ಹಳೆಯದು. ಮುಧೋಳ ತಾಲೂಕಿನ ಹಲಗಲಿ ಬೇಡರು 1857ರಲ್ಲಿ ಆಯುಧ ಕೊಡುವುದಿಲ್ಲ ಅಂತ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದು ನಮಗೆ ಮೊದಲು ಮುಟ್ಟಿದ್ದು ಇತಿಹಾಸದ ಪುಸ್ತಕದಿಂದಲ್ಲ, ಲಾವಣಿಯಿಂದ.

ಮೊದಲ ರೆಕಾರ್ಡು 9,400 ಪ್ರತಿ ಹೋಯಿತು, ಆಮೇಲೆ ಇನ್ನೂ 6,000 ಒತ್ತಿಸಿದರು. ಆ ಸರಣಿಗೆ ಅದು ದೊಡ್ಡ ಲೆಕ್ಕ. ಕಂಪನಿ ಅವನನ್ನು 1928ರಲ್ಲಿ ಮತ್ತೆ ಡಲ್ಲಾಸ್‌ಗೆ ಕರೆಸಿತು, 1929ರಲ್ಲಿ ನ್ಯೂ ಆರ್ಲಿಯನ್ಸ್‌ಗೆ, 1930ರ ಏಪ್ರಿಲ್‌ನಲ್ಲಿ ಅಟ್ಲಾಂಟಾಗೆ. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದಿತ್ತು, ಹೊಟ್ಟೆಗೇ ಇಲ್ಲದ ಜನ ರೆಕಾರ್ಡ್ ಎಲ್ಲಿ ಕೊಂಡಾರು? ಅಟ್ಲಾಂಟಾವೇ ಕೊನೆ. ಆಮೇಲೆ ಹದಿನೈದು ವರ್ಷ ಬದುಕಿದ್ದ, ಒಂದೂ ರೆಕಾರ್ಡ್ ಇಲ್ಲ. ಕೊನೆಗಾಲದಲ್ಲಿ ಬೋಮಾಂಟ್‌ನಲ್ಲಿ ಪಾದ್ರಿಯಾಗಿ ‘ಹೌಸ್ ಆಫ್ ಪ್ರೇಯರ್’ ನಡೆಸುತ್ತಿದ್ದ. ಅಂದರೆ ಐದು ವರ್ಷದ ಹುಡುಗ ಹೇಳಿದ್ದನ್ನು ಮಾಡಿದ. ಈ ವಿಷಯ ಗೋಳಿನ ವಿಡಿಯೋಗಳಲ್ಲಿ ಬರುವುದಿಲ್ಲ, ಯಾಕೆಂದರೆ ಕಥೆಗೆ ಹೊಂದುವುದಿಲ್ಲ.

1945ರಲ್ಲಿ ಮನೆಗೆ ಬೆಂಕಿ ಬಿತ್ತು. ಹೋಗಲು ಬೇರೆ ಜಾಗ ಇರಲಿಲ್ಲ, ಸುಟ್ಟ ಮನೆಯಲ್ಲೇ ಒದ್ದೆ ಹಾಸಿಗೆಯ ಮೇಲೆ ಪೇಪರ್ ಹಾಸಿ ಮಲಗಿದೆವು, ನ್ಯುಮೋನಿಯಾ ಹಿಡಿಯಿತು, ಆಸ್ಪತ್ರೆಯವರು ಕುರುಡ ಅಂತ ಸೇರಿಸಿಕೊಳ್ಳಲಿಲ್ಲ ಅಂತ ಆಂಜಲೀನ್ ಹೇಳಿದಳು. ಮರಣ ಪತ್ರದಲ್ಲಿರುವುದು ಮಲೇರಿಯಾ ಜ್ವರ. ಸೆಪ್ಟೆಂಬರ್ 18ಕ್ಕೆ ತೀರಿಕೊಂಡ, 48 ವರ್ಷ. ಇಲ್ಲಿ ಮಾತ್ರ ನನ್ನ ಸಿಡಿಮಿಡಿ ನಿಲ್ಲುತ್ತದೆ. ಕಪ್ಪು ಮನುಷ್ಯನಿಗೆ, ಅದೂ ಕುರುಡನಿಗೆ, ಅದೂ ಬಡವನಿಗೆ ಆಗಿನ ಟೆಕ್ಸಾಸ್‌ನಲ್ಲಿ ಎಂಥ ವೈದ್ಯ ಸಿಗುತ್ತಿದ್ದ ಅನ್ನೋದು ಕಥೆಯಲ್ಲ, ವ್ಯವಸ್ಥೆ.

ಅದೇ ವರ್ಷಗಳಲ್ಲಿ ನಮ್ಮ ಕಡೆ ಒಬ್ಬರು ಕುರುಡ ಗಾಯಕರಿದ್ದರು. ಪಂಚಾಕ್ಷರಿ ಗವಾಯಿಗಳು, 1892ರಿಂದ 1944. ಜಾನ್ಸನ್ 1897ರಿಂದ 1945. ಹೆಚ್ಚುಕಮ್ಮಿ ಒಂದೇ ಕಾಲ. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ ಕುಮಾರ ಸ್ವಾಮಿಗಳು ಗವಾಯಿಗಳನ್ನು ಕೈಹಿಡಿದು ಸಂಗೀತ ಕಲಿಸಿದರು. ಗವಾಯಿಗಳು ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಎಷ್ಟೋ ಕುರುಡು ಮಕ್ಕಳಿಗೆ ವಿದ್ಯೆ, ಅನ್ನ ಕೊಟ್ಟರು. ಅವರ ನಂತರ ಪುಟ್ಟರಾಜ ಗವಾಯಿಗಳು. ನಮ್ಮೂರ ಕಡೆ ಪೇಟಿ, ತಬಲಾ ಕಲಿತ ಎಷ್ಟೋ ಜನ ಅಲ್ಲಿಂದ ಬಂದವರು. ಪ್ರತಿಭೆ ಇಬ್ಬರಿಗೂ ಇತ್ತು. ಒಬ್ಬರ ಬೆನ್ನಿಗೆ ಮಠ ಇತ್ತು, ಇನ್ನೊಬ್ಬನ ಗಿಟಾರಿನ ತುದಿಗೆ ತಗಡಿನ ಲೋಟ. ಹಾಗಂತ ನಾವೇನೋ ದೊಡ್ಡವರು ಅಂತ ಬೀಗುವುದೂ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಕಂಜರ ಬಡಿಯುತ್ತಾ ಹಾಡುವ ಕುರುಡರ ಮುಂದೆ ನಾವೂ ಮೊಬೈಲ್ ನೋಡುತ್ತಾ ಹೋಗುವವರೇ.

ಬಾಹ್ಯಾಕಾಶದ ವಿಷಯಕ್ಕೆ ಬರಲೇಬೇಕು, ಬಿಟ್ಟರೆ ನೀವು ಬೈಯುತ್ತೀರಿ. 1977ರಲ್ಲಿ ನಾಸಾ ಹಾರಿಸಿದ ಎರಡು ವೊಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಒಂದೊಂದು ರೆಕಾರ್ಡ್ ಇದೆ. ಭೂಮಿಯ 27 ಸಂಗೀತದ ತುಣುಕು, 55 ಭಾಷೆಗಳ ನಮಸ್ಕಾರ. ಕನ್ನಡವೂ ಇದೆ, ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’ ಅಂತ. ‘ಡಾರ್ಕ್ ವಾಸ್ ದ ನೈಟ್’ ಕೊನೆಯಿಂದ ಎರಡನೆಯದು. ಅದರ ಹಿಂದೆಯೇ ಇರುವುದು ಯಾವುದು ಗೊತ್ತಾ? ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ‘ಜಾತ ಕಹಾಂ ಹೋ’. ಕೇಸರಬಾಯಿ ಗೋವಾದವರು, ನಮಗೆ ಚೋರ್ಲಾ ಘಾಟ ಇಳಿದರೆ ಅವರ ನಾಡು. ಕಲಿತದ್ದು ಅಲ್ಲಾದಿಯಾ ಖಾನರ ಹತ್ತಿರ. ಅದೇ ಖಾನರ ಮಕ್ಕಳ ಹತ್ತಿರ ಕಲಿತವರು ನಮ್ಮ ಮಲ್ಲಿಕಾರ್ಜುನ ಮನ್ಸೂರರು. ಆ ಮೂರೂವರೆ ನಿಮಿಷದ ಭೈರವಿ ಮುಗಿದ ಕೂಡಲೇ ಜಾನ್ಸನ್‌ನ ಸ್ಲೈಡು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ, ಯಾರು ಈ ಕ್ರಮ ಇಟ್ಟರೋ ಅವರಿಗೆ ಕಿವಿ ಇತ್ತು. ಮೀಂಡಿನಿಂದ ಮೀಂಡಿಗೆ ಹೋದ ಹಾಗಿದೆ.

ಆದರೆ ಆ ಚಿನ್ನದ ರೆಕಾರ್ಡಿಗೆ ಹಾಡು ಆರಿಸಿದ ತಂಡದವರೂ ಈ ಹಾಡನ್ನು ವಿವರಿಸಿದ್ದು ಕತ್ತಲಾದಾಗ ಮಲಗಲು ಜಾಗವಿಲ್ಲದವನ ಪಾಡು ಅಂತ. ಗೆತ್ಸೆಮನೆ ಎಲ್ಲಿ ಹೋಯಿತು? ಅವನು ಧ್ಯಾನಿಸುತ್ತಿದ್ದದ್ದು ತನ್ನ ದೇವರ ರಾತ್ರಿಯನ್ನು. ನಾವು ಅದನ್ನು ಅವನ ಸ್ವಂತ ರಾತ್ರಿ ಮಾಡಿಬಿಟ್ಟೆವು. ಬಸವಣ್ಣನವರ ವಚನ ಹಾಡುವವರನ್ನು ಪಾಪ, ಮನೆಯಲ್ಲಿ ಏನೋ ತೊಂದರೆ ಇರಬೇಕು ಅಂದರೆ ಹೇಗಿರುತ್ತೆ?

ಆಮೇಲೆ ಅವನ ಹಾಡು ಹಾಡಿದವರ ಪಟ್ಟಿ ದೊಡ್ಡದು, ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡ ಕೂಡ ಇದೆ. ನನಗೆ ಮುಖ್ಯ ಅನ್ನಿಸುವವನು ಅಮೇರಿಕಾದ ಗಿಟಾರಿಸ್ಟ್ ರೈ ಕೂಡರ್. 1984ರ ‘ಪ್ಯಾರಿಸ್, ಟೆಕ್ಸಾಸ್’ ಸಿನಿಮಾದ ಸಂಗೀತವನ್ನು ‘ಡಾರ್ಕ್ ವಾಸ್ ದ ನೈಟ್’ ಮೇಲೇ ಕಟ್ಟಿದ. ಮುಂದೆ ಹಿಂದೂಸ್ತಾನಿ ಸಂಗೀತವನ್ನು ಸ್ಲೈಡಿನಲ್ಲಿ ನುಡಿಸುವ ಜೈಪುರದ ವಿಶ್ವಮೋಹನ ಭಟ್ಟರ ಜೊತೆ ಕೂತು ಸ್ಲೈಡ್ ನುಡಿಸಿದ, ಆ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಬಂತು. ಮೀಂಡಿನ ನಂಟು ಆಗ ಎದುರುಬದುರು ಕೂತಿತು.

ಹೊಸದಾಗಿ ಕೇಳುವವರು ‘ಡಾರ್ಕ್ ವಾಸ್ ದ ನೈಟ್’ನಿಂದ ಶುರು ಮಾಡಬೇಡಿ ಅಂತಲೇ ನಾನು ಹೇಳುವುದು. ಅದರ ಸುತ್ತ ಕಥೆ ಜಾಸ್ತಿ. ‘ಲೆಟ್ ಯುವರ್ ಲೈಟ್’ನಿಂದ ಶುರು ಮಾಡಿ, ಆಮೇಲೆ ‘ನೋಬಡೀಸ್ ಫಾಲ್ಟ್’, ಆಮೇಲೆ ಅಟ್ಲಾಂಟಾದ ‘ಜಾನ್ ದ ರೆವೆಲೇಟರ್’. ಇದನ್ನು ಮೊನ್ನೆ ಕಾಕಾಗೆ ವಾಟ್ಸ್‌ಆ್ಯಪ್ ಮಾಡಿದ್ದೆ. ಅದರಲ್ಲಿ ಜಾನ್ಸನ್ ಗೊಗ್ಗರು ದನಿಯಲ್ಲಿ ಪ್ರಶ್ನೆ ಎಸೆಯುತ್ತಾನೆ, ಒಬ್ಬ ಹೆಂಗಸು ಹಗುರ ದನಿಯಲ್ಲಿ ಉತ್ತರ ಕೊಡುತ್ತಾಳೆ. ಕಾಕಾ ವಾಯ್ಸ್ ಮೆಸೇಜು ಹಾಕಿದ: ‘ಹಿಮ್ಮೇಳದಾಗ ಆಕಿ ಯಾರೋ? ಆಕೀನ ತಾಳಾ ಹಿಡದಾಳ.’ ಅವಳು ವಿಲ್ಲಿ ಬಿ. ಹ್ಯಾರಿಸ್, ಮಾರ್ಲಿನ್‌ನವಳು, ಕೆಲವು ವರ್ಷ ಅವನ ಜೊತೆ ಬಾಳಿದವಳು. ಚಾರ್ಟರ್ಸ್ ಆ ದನಿ ಆಂಜಲೀನಳದು ಅಂತ ಬರೆದಿದ್ದ, ಬಹಳ ಕಾಲ ಎಲ್ಲರೂ ಹಾಗೇ ನಂಬಿದ್ದರು. 1970ರ ದಶಕದಲ್ಲಿ ಹ್ಯಾರಿಸ್ ಇನ್ನೂ ಮಾರ್ಲಿನ್‌ನಲ್ಲೇ ಬದುಕಿರುವುದು ಪತ್ತೆಯಾಯಿತು, ಆಗ ಗೊತ್ತಾಯಿತು ಹಾಡಿದ್ದು ಇವಳು ಅಂತ. 1928ರ ಡಲ್ಲಾಸ್ ಹಾಡುಗಳಲ್ಲೂ ಅವಳಿದ್ದಾಳೆ. ‘ಕೀಪ್ ಯುವರ್ ಲ್ಯಾಂಪ್ ಟ್ರಿಮ್ಡ್ ಆ್ಯಂಡ್ ಬರ್ನಿಂಗ್’ ಕೇಳಿ, ಅವಳ ದನಿ ಹಿಡಿದುಕೊಂಡು ಕೇಳಿ.